ಓದಿನ ಕಿರ್ದಿ

ನಮ್ಮ ಜನರಿಗೆ ಲೆಕ್ಕವಿಡಲು ಬಾರದೆಂದು ಯಾರೂ ಹೇಳಲಾರರು. ಆಳಂದದ ಅಡತಿ ಅಂಗಡಿಗೆ ತೊಗರಿಯ ಚೀಲವೊಂದು ಬಂದಿಳಿದರೆ ಅದು ಅಂದೇ ಕಿರ್ದಿಯಲ್ಲಿ ಇಳಿಯುತ್ತದೆ. ಅಫಜಲಪುರದ ರೈತನು ಕಾರಖಾನೆಗೆ ಕಬ್ಬು ಕಳಿಸಿದರೆ ತೂಕದ ಚೀಟಿಯಿಲ್ಲದೆ ಮನೆಗೆ ಮರಳುವದಿಲ್ಲ. ಜೇವರ್ಗಿಯ ತಹಶೀಲ ಕಚೇರಿಗೆ ಅರ್ಜಿಯೊಂದು ಬಂದರೆ ಆವಕದಲ್ಲಿ ಅದಕ್ಕೆ ಸಂಖ್ಯೆ ಬೀಳುತ್ತದೆ. ಮುಂದೆ ಅದರ ಗತಿ ಏನಾಯಿತೆಂಬುದು ಬೇರೆ ಮಾತು. ಮದುವೆಯಲ್ಲಿ ಆಯೇರಿ ಮಾಡಿದವರ ಹೆಸರುಗಳನ್ನು ಬರೆದಿಟ್ಟ ವಹಿಯನ್ನು ಇಪ್ಪತ್ತು ವರ್ಷಗಳ ತರುವಾಯವೂ ಟ್ರಂಕಿನಿಂದ ತೆಗೆದು ನೋಡುವ ಮನೆತನಗಳು ಈ ಮೂರೂ ತಾಲೂಕುಗಳಲ್ಲಿ ಎಷ್ಟಿಲ್ಲ? ಇಷ್ಟೆಲ್ಲ ಲೆಕ್ಕವಿಡುವ ನಾವು ಒಂದು ಲೆಕ್ಕವನ್ನು ಮಾತ್ರ ಇಟ್ಟಿಲ್ಲ. ನಾವು ಏನನ್ನು ಓದಿದೆವು, ಯಾವಾಗ ಓದಿದೆವು, ಓದಿ ಏನು ತಿಳಿದೆವು ಎಂಬುದರ ಲೆಕ್ಕವದು.

ಸುಶಿಕ್ಷಿತರಾದ ಗೃಹಸ್ಥರೊಬ್ಬರನ್ನು, ಕಳೆದ ವರ್ಷ ತಾವು ಯಾವ ಯಾವ ಪುಸ್ತಕಗಳನ್ನು ಓದಿದಿರಿ ಎಂದು ಕೇಳಿ ನೋಡಬೇಕು. ಎರಡು ಹೆಸರುಗಳು ಕೂಡಲೆ ಬರುತ್ತವೆ. ಮೂರನೆಯದಕ್ಕೆ ಹಣೆ ತಿಕ್ಕಿಕೊಳ್ಳುತ್ತಾರೆ. ನಾಲ್ಕನೆಯದರ ಹೊತ್ತಿಗೆ 'ಅದೇ, ಆ ಕೆಂಪು ರಟ್ಟಿನದು' ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಓದಿದ್ದು ಸುಳ್ಳಲ್ಲ; ಅದಕ್ಕಾಗಿ ಹತ್ತು ರಾತ್ರಿಗಳನ್ನು ಕಳೆದದ್ದೂ ಸುಳ್ಳಲ್ಲ. ಆದರೆ ಹತ್ತು ರಾತ್ರಿಗಳ ಗಳಿಕೆಯನ್ನು ಬಾಗಿಲಿಲ್ಲದ ಕೋಣೆಯಲ್ಲಿ ಇಟ್ಟಂತಾಗಿದೆ. ಇದು ಎಲ್ಲ ಊರುಗಳ ವಾಚಕರಿಗೂ ಸಲ್ಲುವ ಮಾತೆಂಬುದನ್ನು ನಾವು ಬಲ್ಲೆವು. ಆದರೂ ಆಳಂದ, ಅಫಜಲಪುರ, ಜೇವರ್ಗಿಗಳ ವಾಚಕರನ್ನೇ ಕುರಿತು ಇಂದು ನಾಲ್ಕು ಮಾತು ಬರೆಯುವದಕ್ಕೆ ವಿಶೇಷ ಕಾರಣವಿದೆ.

ಈ ಮೂರು ತಾಲೂಕುಗಳು 1948ರ ಸಪ್ಟೆಂಬರದವರೆಗೆ ನಿಜಾಮರ ಆಳಿಕೆಯಲ್ಲಿದ್ದವು. ಮನೆಯ ಮಾತು ಕನ್ನಡ, ಕಚೇರಿಯ ಮಾತು ಉರ್ದು. ಗಡಿಯಾಚೆಯ ಸೊಲ್ಲಾಪುರ, ಅಕ್ಕಲಕೋಟೆಗಳ ಸಂಗದಿಂದ ಪೇಟೆಯಲ್ಲಿ ಮರಾಠಿಯೂ ನಡೆಯುತ್ತಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣವನ್ನು ಕೊಟ್ಟ ಕೀರ್ತಿಯು ಅದಕ್ಕೆ ಸಂದಿತು. ಆದರೆ ಆ ದೇಶಭಾಷೆಯು ನಮ್ಮ ಹಳ್ಳಿಯ ಹುಡುಗನ ತಾಯಿಯ ಭಾಷೆಯಾಗಿರಲಿಲ್ಲ. ಕನ್ನಡ ಪುಸ್ತಕವು ಈ ಸೀಮೆಗೆ ಬರಬೇಕಾದರೆ ಧಾರವಾಡದಿಂದಲೋ ವಿಜಾಪುರದಿಂದಲೋ ಬರಬೇಕು. ಬಂದ ಒಂದು ಪ್ರತಿಯು ಕೈಯಿಂದ ಕೈಗೆ, ಊರಿಂದ ಊರಿಗೆ ತಿರುಗಿ, ಹೊದಿಕೆ ಹರಿದು, ಕಡೆಗೆ ಯಾರ ಮನೆಯ ಮಾಡದಲ್ಲಿಯೋ ಉಳಿಯಬೇಕು. ಸಭೆ ಕೂಡಿಸುವದಕ್ಕೂ ಅಪ್ಪಣೆ ಬೇಕಾಗಿದ್ದ, ಹೊರಗಿನ ಎಷ್ಟೋ ವೃತ್ತಪತ್ರಗಳಿಗೆ ಪ್ರವೇಶವಿಲ್ಲದಿದ್ದ ಆ ಕಾಲದಲ್ಲಿ ತಾನು ಇಂಥದನ್ನು ಓದಿದೆನೆಂದು ಬರೆದಿಡದಿರುವದೇ ಜಾಣತನವಾಗಿತ್ತು. ಆದ್ದರಿಂದ ನಮ್ಮ ಹಿರಿಯರನ್ನು ದೂರುವದಕ್ಕೆ ನಾವು ಹೊರಟಿಲ್ಲ.

ಆದರೆ ಆದ ಹಾನಿಯನ್ನಾದರೂ ತಿಳಿಯಬೇಡವೇ? ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'ವು 1917ರಲ್ಲಿ ಪ್ರಕಟವಾಯಿತು. ಕನ್ನಡಿಗರಿಗೆ ತಾವು ಕನ್ನಡಿಗರೆಂಬ ಅರಿವನ್ನು ಕೊಟ್ಟ ಪುಸ್ತಕಗಳಲ್ಲಿ ಅದು ಮೊದಲ ಪಂಕ್ತಿಯದೆಂಬುದರಲ್ಲಿ ವಾದವಿಲ್ಲ. ಆ ಗ್ರಂಥವು ಯಾವ ಯಾವ ರಾಜರನ್ನು ಕುರಿತದ್ದೋ ಅವರಲ್ಲಿ ರಾಷ್ಟ್ರಕೂಟರ ರಾಜಧಾನಿಯು ನಮ್ಮ ಜಿಲ್ಲೆಯಲ್ಲಿಯೇ, ಸೇಡಮ ತಾಲೂಕಿನ ಮಳಖೇಡದಲ್ಲಿ ಇತ್ತು. ಹಾಗಾದರೆ ಆಳಂದದಲ್ಲಿ ಅದನ್ನು ಮೊದಲು ಓದಿದವರು ಯಾರು? ಅದನ್ನು ಓದಿ ಅವರಿಗೆ ಏನೆನ್ನಿಸಿತು? ಯಾರಿಗೆ ಓದಲು ಕೊಟ್ಟರು? ಹೇಳುವವರಿಲ್ಲ. 1928ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಕಲಬುರಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸೇರಿತು; ನಿಜಾಮರ ಆಳಿಕೆ ಹೋದ ಮರುವರ್ಷ, 1949ರಲ್ಲಿ, ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಮತ್ತೆ ಅಲ್ಲಿಯೇ ಸೇರಿತು. ವೇದಿಕೆಯ ಮೇಲಿನವರು ಏನು ಹೇಳಿದರೆಂಬುದು ಅಚ್ಚಾಗಿದೆ. ವೇದಿಕೆಯ ಕೆಳಗೆ ಕುಳಿತು ಕೇಳಿದವರು, ಈ ಎರಡು ಸಮ್ಮೇಳನಗಳ ನಡುವಿನ 21 ವರ್ಷಗಳಲ್ಲಿ, ಯಾವ ಪುಸ್ತಕಗಳಿಂದ ತಮ್ಮ ಕನ್ನಡವನ್ನು ಉಳಿಸಿಕೊಂಡರೆಂಬುದು ಅಚ್ಚಾಗಿಲ್ಲ. ನಾಡು ಒಂದಾದ ಇತಿಹಾಸವನ್ನು ಬರೆಯುವವರು ಠರಾವುಗಳನ್ನೂ ಮೆರವಣಿಗೆಗಳನ್ನೂ ಬರೆಯುತ್ತಾರೆ. ಅವುಗಳ ಹಿಂದೆ ಕಂದೀಲಿನ ಬೆಳಕಿನಲ್ಲಿ ನಡೆದ ಓದನ್ನು ಬರೆಯಲಾರರು, ಏಕೆಂದರೆ ಅವರಿಗೆ ಆಧಾರವಿಲ್ಲ. ಓದಿದವರು ನಾಲ್ಕು ಸಾಲು ಬರೆದಿಟ್ಟಿದ್ದರೆ ಆಧಾರವಿರುತ್ತಿತ್ತು.

ಇದು ದೊಡ್ಡ ಮಾತಾಯಿತೆಂದು ಕೆಲವರು ನಕ್ಕಾರು. ಓದಿದ ಪುಸ್ತಕದ ಹೆಸರು ಬರೆದಿಡುವದರಿಂದ ಇತಿಹಾಸವು ಉಳಿಯುವದುಂಟೇ ಎಂದು ಕೇಳಿಯಾರು. ಉಂಟು, ಅದರ ನಿದರ್ಶನವು ಮಳಖೇಡದಲ್ಲಿಯೇ ಇದೆ. ಕ್ರಿ. ಶ. 850ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವು ನಮಗೆ ದೊರೆತ ಕನ್ನಡ ಗ್ರಂಥಗಳಲ್ಲಿ ಮೊದಲನೆಯದೆಂಬುದನ್ನು ಶಾಲೆಯ ಹುಡುಗನೂ ಬಲ್ಲ. ಆ ಗ್ರಂಥಕಾರನು ತನಗಿಂತ ಹಿಂದಿನವರನ್ನು ಹೆಸರಿಸಿದ್ದಾನೆ. ಗದ್ಯಕಾರರಲ್ಲಿ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯಕಾರರಲ್ಲಿ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇವರ ಕಾವ್ಯಗಳಲ್ಲಿ ಒಂದಾದರೂ ಇಂದು ನಮ್ಮ ಕೈಯಲ್ಲಿ ಇಲ್ಲ. ಗರಿಗಳು ಹುಳು ತಿಂದು ಹೋದವೋ, ನೀರು ಪಾಲಾದವೋ, ಬಲ್ಲವರಾರು? ಅವರು ಇದ್ದರೆಂದು ನಾವು ಇಂದು ಹೇಳಬಲ್ಲೆವಾದರೆ ಅದು ಅವರನ್ನು ಓದಿದವನೊಬ್ಬನು ಹೆಸರುಗಳನ್ನು ಬರೆದಿಟ್ಟದ್ದರಿಂದ. ಕನ್ನಡದ ಮೊದಲ ಗ್ರಂಥವು ಒಂದು ದೃಷ್ಟಿಯಿಂದ ಓದಿದ ಪುಸ್ತಕಗಳ ಲೆಕ್ಕವೇ ಆಗಿದೆ. 1898ರಲ್ಲಿ ಕೆ. ಬಿ. ಪಾಠಕರು ಅದನ್ನು ಅಚ್ಚು ಹಾಕಿಸಿದಾಗ ಸಾವಿರ ವರ್ಷಗಳ ಹಿಂದಿನ ಒಬ್ಬ ವಾಚಕನ ನೆನಪು ನಮಗೆ ಮರಳಿ ದೊರೆಯಿತು.

ಅದೇ ಶತಮಾನದಲ್ಲಿ, ಭೂಮಿಯ ಇನ್ನೊಂದು ಮೂಲೆಯಲ್ಲಿ, ಕಾನ್‌ಸ್ಟಾಂಟಿನೋಪಲ್ ನಗರದ ಫೋಟಿಯಸ್ ಎಂಬ ಪಂಡಿತನು ತಾನು ಓದಿದ ಸುಮಾರು 280 ಗ್ರಂಥಗಳನ್ನು ಕುರಿತು ತನ್ನ ತಮ್ಮನಿಗಾಗಿ ಒಂದೊಂದು ಟಿಪ್ಪಣಿಯನ್ನು ಬರೆದನು. ಗ್ರಂಥದಲ್ಲಿ ಏನಿದೆ, ಶೈಲಿ ಹೇಗಿದೆ, ತನಗೆ ಯಾವುದು ಸೇರಲಿಲ್ಲ, ಇಷ್ಟೇ. ಕೆಲವು ಟಿಪ್ಪಣಿಗಳು ಎರಡು ಸಾಲಿನವು, ಕೆಲವು ಹಲವು ಪುಟಗಳವು. ಆ ಗ್ರಂಥಗಳಲ್ಲಿ ಸುಮಾರು ಅರ್ಧದಷ್ಟು ಈಗ ನಷ್ಟವಾಗಿವೆ. ವಿದ್ವಾಂಸರು ಅವುಗಳ ಪರಿಚಯಕ್ಕಾಗಿ ಫೋಟಿಯಸನ ಟಿಪ್ಪಣಿಗಳನ್ನೇ ಅವಲಂಬಿಸಿದ್ದಾರೆ. ಮಳಖೇಡದವನೂ ಈತನೂ ಒಬ್ಬರ ಹೆಸರನ್ನೊಬ್ಬರು ಕೇಳಿರಲಾರರು. ಇಬ್ಬರೂ ಮಾಡಿದ್ದು ಒಂದೇ ಕೆಲಸ.

ನಮ್ಮ ಸೀಮೆಗೆ ಪುಸ್ತಕದ ವ್ಯವಸ್ಥೆಯು ಹೊಸದೆಂದು ತಿಳಿಯುವವರು ಚಿತ್ತಾಪುರದ ಬಳಿಯ ನಾಗಾವಿಗೆ ಹೋಗಿ ಬರಬೇಕು. ಜೇವರ್ಗಿಯಿಂದ ಅದು ಬಹು ದೂರವಲ್ಲ. ಅಲ್ಲಿಯ ಘಟಿಕಾಸ್ಥಾನದ 1058ನೆಯ ಇಸವಿಯ ಶಾಸನದಲ್ಲಿ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಇರುವಂತೆ ಆರು ಮಂದಿ ಸರಸ್ವತೀ ಭಂಡಾರಿಗಳಿಗೂ ಉಂಬಳಿಯ ಏರ್ಪಾಡು ಇದೆ. ಸರಸ್ವತೀ ಭಂಡಾರವೆಂದರೆ ಗ್ರಂಥಾಲಯ. ಒಂದು ವಿದ್ಯಾಸಂಸ್ಥೆಗೆ ಆರು ಮಂದಿ ಗ್ರಂಥಪಾಲಕರು! ಇಂದು ಒಬ್ಬನೇ ಮೇಲ್ವಿಚಾರಕನು ಕಸ ಗುಡಿಸಿ, ವೃತ್ತಪತ್ರ ಜೋಡಿಸಿ, ಬಾಗಿಲು ಹಾಕಿ ಹೋಗುವ ಗ್ರಂಥಾಲಯಗಳನ್ನು ಕಂಡವರಿಗೆ ಈ ಆರರ ಬೆಲೆ ತಿಳಿದೀತು. ಇರಲಿ.

ರಾಷ್ಟ್ರೀಯ ಹೋರಾಟದ ಹಿರಿಯರಲ್ಲಿ ಈ ಅಭ್ಯಾಸವು ಹೇಗಿತ್ತೆಂಬುದನ್ನು ನೋಡೋಣ. 1922ರ ಮಾರ್ಚಿನಲ್ಲಿ ಆರು ವರ್ಷದ ಶಿಕ್ಷೆಯಾಗಿ ಯರವಡಾ ತುರಂಗವನ್ನು ಸೇರಿದ ಗಾಂಧೀಜಿಯವರು ಅಲ್ಲಿ ಓದಿದ್ದಕ್ಕೆ ದಿನಚರಿಯಿಟ್ಟರು. ಇಂಥ ದಿನ ಇಂಥ ಪುಸ್ತಕವು ಮುಗಿಯಿತು, ಇಂಥದು ಆರಂಭವಾಯಿತು, ಇಷ್ಟೇ ಆ ಬರಹ, ಅಲಂಕಾರವಿಲ್ಲ. ಅದರಲ್ಲಿ ಮಹಾಭಾರತವೂ ಇದೆ, ಗಿಬ್ಬನ್ನನು ಬರೆದ ರೋಮ ಸಾಮ್ರಾಜ್ಯದ ಇತಿಹಾಸವೂ ಇದೆ. ತುರಂಗದಲ್ಲಿ ಅವರು ಉರ್ದುವನ್ನೂ ಅಭ್ಯಾಸ ಮಾಡಿದರು. 1924ರ ಫೆಬ್ರುವರಿಯಲ್ಲಿ ಬಿಡುಗಡೆಯಾಗಿ ಬಂದ ಮೇಲೆ ತಾವು ಓದಿದ್ದನ್ನು ಕುರಿತು 'ಯಂಗ್ ಇಂಡಿಯಾ'ದಲ್ಲಿ ಜನರಿಗೆ ಒಪ್ಪಿಸಿದರು. ಕಸ್ತೂರಬಾ ನಿಧಿಯಿರಲಿ, ಖಾದಿ ಭಂಡಾರವಿರಲಿ, ಪೈಗೆ ಪೈ ಲೆಕ್ಕ ಕೇಳುವ ಮನುಷ್ಯನು ತನ್ನ ಓದಿನ ಲೆಕ್ಕವನ್ನು ಕೊಡದೆ ಬಿಡುವದು ಹೇಗೆ? ಅವರಿಗಿಂತ ಮೊದಲು, 1908ರಿಂದ 1914ರವರೆಗೆ ಮಂಡಾಲೆಯಲ್ಲಿದ್ದ ಲೋಕಮಾನ್ಯರು ತಮ್ಮ ಪುಸ್ತಕಗಳನ್ನು ಅಲ್ಲಿಗೆ ತರಿಸಿಕೊಂಡು ಪೆನ್ಸಿಲಿನಿಂದ 'ಗೀತಾರಹಸ್ಯ'ವನ್ನು ಬರೆದರು. ಆ ಗ್ರಂಥದ ಪುಟಪುಟಕ್ಕೂ ಇರುವ ಆಧಾರಗಳನ್ನು ನೋಡಿದವರಿಗೆ ಅದು ನೆನಪಿನ ಬಲದಿಂದ ಮಾತ್ರ ಆದ ಕೆಲಸವಲ್ಲವೆಂಬುದು ತಿಳಿಯುತ್ತದೆ. ಅದನ್ನು ಕನ್ನಡಕ್ಕೆ ತಂದವರು ಆಲೂರ ವೆಂಕಟರಾಯರೇ. ತುರಂಗದಲ್ಲಿ ಕುಳಿತವರಿಗೆ ಸಾಧ್ಯವಾದದ್ದು ಸರಕಾರಿ ನೌಕರಿಯ ಸಂಜೆಯಲ್ಲಿ ಸಾಧ್ಯವಾಗುವದಿಲ್ಲವೆಂಬ ನೆಪವನ್ನು ನಾವು ಒಪ್ಪಲಾರೆವು.

ಇನ್ನು ನಮ್ಮ ಊರುಗಳ ಕಡೆಗೆ ಬರೋಣ. ಆಳಂದದ ಸೀಮೆಯ ಅಮರ್ಜೆಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಭೀಮೆಯೇ ಮುಂದೆ ಜೇವರ್ಗಿಯ ಸೀಮೆಯನ್ನು ಮುಟ್ಟುತ್ತದೆ. ಅಫಜಲಪುರ ತಾಲೂಕಿನ ಆ ಗಾಣಗಾಪುರದಲ್ಲಿ 'ಗುರುಚರಿತ್ರೆ'ಯ ಸಪ್ತಾಹವು ನಡೆಯದ ವಾರವಿಲ್ಲ. ಏಳು ದಿನಗಳಲ್ಲಿ ಗ್ರಂಥವನ್ನು ಮುಗಿಸಬೇಕು, ನಿಯಮ ತಪ್ಪಬಾರದು. ಅದು ಮರಾಠಿ ಗ್ರಂಥ. ಆದರೂ ಮನೆಯಲ್ಲಿ ಕನ್ನಡವಾಡುವ ಸಾವಿರಾರು ಜನರು ಅದನ್ನು ಶ್ರದ್ಧೆಯಿಂದ ಓದುತ್ತಾರೆ. ಇಷ್ಟು ಸಪ್ತಾಹಗಳಾದವು ಎಂಬ ಲೆಕ್ಕವನ್ನು ಅವರು ಎಂದೂ ತಪ್ಪುವದಿಲ್ಲ. ಅದರಂತೆ ಶ್ರಾವಣ ಮಾಸದಲ್ಲಿ ಹಳ್ಳಿಹಳ್ಳಿಯ ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುವರು, ಒಬ್ಬರು ಅರ್ಥ ಹೇಳುವರು, ಊರೆಲ್ಲ ಕೇಳುವದು. ಇದೂ ಓದೇ. ಅಕ್ಷರ ಬಾರದ ತಾಯಿಯೊಬ್ಬಳು ಹತ್ತು ಶ್ರಾವಣಗಳಲ್ಲಿ ಕೇಳಿದ ಪುರಾಣಗಳಷ್ಟನ್ನು ಆಕೆಯ ಪದವೀಧರ ಮಗನು ಓದಿರದೇ ಇರಬಹುದು.

ಆದರೆ ಪಾರಾಯಣದ ಲೆಕ್ಕವೇ ಬೇರೆ, ನಾವು ಹೇಳುವ ಲೆಕ್ಕವೇ ಬೇರೆ. ಪಾರಾಯಣದಲ್ಲಿ ಎಣಿಕೆಯೇ ಪುಣ್ಯ. ಇದರಲ್ಲಿ ಎಣಿಕೆಯಿಂದ ಏನೂ ಆಗದು. ವರ್ಷಕ್ಕೆ ನೂರು ಪುಸ್ತಕ ಮುಗಿಸಿದೆನೆಂದು ಹೇಳಿಕೊಂಡು ತಿರುಗುವ ಹೊಸ ಬಗೆಯ ಜಂಭವೊಂದು ಈಚೆಗೆ ಪಟ್ಟಣಗಳಲ್ಲಿ ಹುಟ್ಟಿದೆ. ಊಟದ ಮನೆಯಲ್ಲಿ ಎಲೆಗಳನ್ನು ಎಣಿಸುವವನಿಗೆ ಹೊಟ್ಟೆ ತುಂಬಿದವರೆಷ್ಟೆಂಬುದು ತಿಳಿಯದು. ಓದಿನ ಕಿರ್ದಿಯಲ್ಲಿ ಬರಬೇಕಾದದ್ದು ಸಂಖ್ಯೆಯಲ್ಲ. ಓದಿದವನ ಸ್ವಂತದ ಎರಡು ಮಾತು. 'ಒಳ್ಳೆಯದಿದೆ' ಎಂದು ಬರೆದರೆ ಅದು ಏನನ್ನೂ ಬರೆದಂತಲ್ಲ. ಈ ಗ್ರಂಥಕಾರನು ಭೀಮಾತೀರದ ಒಕ್ಕಲುತನವನ್ನು ವರ್ಣಿಸಿದ್ದು ಸರಿಯಾಗಿದೆಯೋ ಇಲ್ಲವೋ; ಈ ಇತಿಹಾಸಕಾರನು ಹೇಳಿದ ಕೋಟೆಯನ್ನು ನಾನು ಕಂಡಿದ್ದೇನೆ, ಅಲ್ಲಿ ಹಾಗಿಲ್ಲ; ಈ ಪುಸ್ತಕದ ಕೊನೆಯ ಮೂರು ಪ್ರಕರಣಗಳನ್ನು ನಾನು ಓದಲಿಲ್ಲ, ಬೇಸರವಾಯಿತು. ಹೀಗೆ ಬರೆದರೆ ಅದು ಬರಹ. ಹತ್ತು ವರ್ಷಗಳ ತರುವಾಯ ತೆಗೆದು ನೋಡಿದರೆ ಆ ಪುಸ್ತಕವೂ ನೆನಪಾಗುತ್ತದೆ, ಅದನ್ನು ಓದಿದ ಆ ಮನುಷ್ಯನೂ ನೆನಪಾಗುತ್ತಾನೆ.

ಬರೆದಿಡುವ ಅಭ್ಯಾಸವು ನಮ್ಮ ಸೀಮೆಗೆ ಹೊರಗಿನದೆಂದು ಹೇಳುವಂತಿಲ್ಲ. ಜೇವರ್ಗಿಯ ಷಣ್ಮುಖಸ್ವಾಮಿಗಳು 17ನೆಯ ಶತಮಾನದಲ್ಲಿ ಅಖಂಡೇಶ್ವರ ಎಂಬ ಅಂಕಿತದಿಂದ ವಚನಗಳನ್ನು ಬರೆದರು. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪನವರು, ಹಿಂದೆ ಜೇವರ್ಗಿ ತಾಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆನಿಂತು ತತ್ವಪದಗಳನ್ನು ಹಾಡಿದರು. ಚನ್ನೂರಿನ ಜಲಾಲಸಾಹೇಬರಂಥ ಶಿಷ್ಯರು ಆ ಪರಂಪರೆಯನ್ನು ಬೆಳೆಸಿದರು. ಈ ಪದಗಳು ಅಚ್ಚಿನ ಮನೆಯನ್ನು ಕಾಣುವ ಮೊದಲು ಎಲ್ಲಿದ್ದವು? ಭಜನೆಯವರ ಬಾಯಲ್ಲಿ, ಮತ್ತು ಅವರ ಕೈಬರಹದ ವಹಿಗಳಲ್ಲಿ. ತನಗೆ ಹಿಡಿಸಿದ ಪದವನ್ನು ಬರೆದಿಟ್ಟುಕೊಂಡ ಒಬ್ಬ ಅನಾಮಧೇಯನಿಂದ ಒಂದು ಪದ ಉಳಿಯಿತು. ಭೀಮೆಯ ಆಚೆಯ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ವಕೀಲಿಯನ್ನು ಬದಿಗಿಟ್ಟು, ಮನೆಮನೆಯ ತಾಳೆಗರಿಯ ಕಟ್ಟುಗಳನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ ಆರಂಭಿಸಿದರು. ಮೈಸೂರಿನ ಕಡೆಯಲ್ಲಿ ಆರ್. ನರಸಿಂಹಾಚಾರ್ಯರು ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಓದಿ ಓದಿ, ಓದಿದ್ದನ್ನೆಲ್ಲ ಬರೆದಿಟ್ಟು, 1907, 1919, 1929ರಲ್ಲಿ ಮೂರು ಸಂಪುಟಗಳಾಗಿ 'ಕರ್ಣಾಟಕ ಕವಿಚರಿತೆ'ಯನ್ನು ಪ್ರಕಟಿಸಿದರು. ಸಾವಿರಕ್ಕೂ ಮಿಕ್ಕ ಕವಿಗಳ ಸಂಗತಿಯು ಅದರಲ್ಲಿದೆ. ಇವರೆಲ್ಲರ ಕೆಲಸಕ್ಕೂ ಹಳ್ಳಿಯ ಭಜನೆಯವನ ವಹಿಗೂ ಪ್ರಮಾಣದಲ್ಲಿ ಅಂತರವಿದೆ, ಜಾತಿಯಲ್ಲಿ ಅಂತರವಿಲ್ಲ.

ಹಾಗಾದರೆ ಏನು ಬರೆಯಬೇಕು, ಹೇಗೆ ಬರೆಯಬೇಕು? ಇದಕ್ಕೆ ಶಾಸ್ತ್ರವೇನೂ ಬೇಡ. ಅಂಗಡಿಯ ಉದ್ದ ವಹಿಯಾದರೂ ಸರಿ, ಮಕ್ಕಳ ಗೆರೆಯ ನೋಟಬುಕ್ಕಾದರೂ ಸರಿ. ಆರಂಭಿಸಿದ ದಿನ, ಮುಗಿಸಿದ ದಿನ. ಪುಸ್ತಕದ ಮತ್ತು ಗ್ರಂಥಕಾರನ ಹೆಸರು. ಎಲ್ಲಿ, ಯಾವ ವರ್ಷ ಅಚ್ಚಾದದ್ದು. ಯಾರಿಂದ ಅಥವಾ ಎಲ್ಲಿಂದ ದೊರೆತದ್ದು. ಕಡೆಗೆ ಸ್ವಂತದ ಮಾತು. ಇವುಗಳಲ್ಲಿ ಎಲ್ಲಿಂದ ದೊರೆಯಿತೆಂಬುದನ್ನು ಜನರು ಅಸಡ್ಡೆ ಮಾಡುವರು. ನಮ್ಮ ಮಟ್ಟಿಗೆ ಅದು ಬಹು ಮಹತ್ವದ್ದು. ಸೊಲ್ಲಾಪುರದ ಅಂಗಡಿಯಲ್ಲಿ ಕೊಂಡದ್ದೋ, ಕಲಬುರಗಿಯ ಗೆಳೆಯನಿಂದ ತಂದದ್ದೋ, ಊರ ಗ್ರಂಥಾಲಯದಲ್ಲಿ ಸಿಕ್ಕಿದ್ದೋ ಎಂಬುದರಿಂದ ಈ ಸೀಮೆಯಲ್ಲಿ ಪುಸ್ತಕವು ಯಾವ ದಾರಿಯಿಂದ ನಡೆದು ಬರುತ್ತದೆಂಬುದು ತಿಳಿಯುತ್ತದೆ. ಅರ್ಧಕ್ಕೆ ಬಿಟ್ಟ ಪುಸ್ತಕವನ್ನೂ ಬರೆಯಬೇಕು. ಬಿಟ್ಟ ಪುಟದ ಸಂಖ್ಯೆಯನ್ನೂ ಬರೆಯಬೇಕು. ಓದದೆ ಕೇಳಿದ್ದನ್ನು 'ಕೇಳಿದ್ದು' ಎಂದು ಬರೆಯಬೇಕು. ಮನೆಯ ಹಿರಿಯರು ಕೇಳಿದ್ದನ್ನು ಮಕ್ಕಳು ಬರೆದುಕೊಡಬೇಕು. ಎರವಲು ಕೊಟ್ಟ ಪುಸ್ತಕವು ಯಾರ ಮನೆಯಲ್ಲಿದೆಯೆಂಬುದಕ್ಕೂ ಒಂದು ಅಂಕಣವಿದ್ದರೆ ಎಷ್ಟೋ ಸ್ನೇಹಗಳು ಉಳಿಯುವವು.

ಭಾಷೆಯ ವಿಷಯದಲ್ಲಿ ಒಂದು ಮಾತು. ಈ ತಾಲೂಕುಗಳಲ್ಲಿ ಒಂದೇ ಮನೆಯಲ್ಲಿ ಮೂರು ನಾಲ್ಕು ಲಿಪಿಗಳ ಪುಸ್ತಕಗಳಿರುವದು ಅಪರೂಪವಲ್ಲ. ಅಜ್ಜನು ಉರ್ದುವಿನಲ್ಲಿ ಕಲಿತವನು, ಅಜ್ಜಿಯ ಪೆಟ್ಟಿಗೆಯಲ್ಲಿ ಮರಾಠಿ ಪೋಥಿ, ಮಗನದು ಕನ್ನಡ, ಮೊಮ್ಮಗಳದು ಇಂಗ್ಲಿಷು. ಕಿರ್ದಿಯನ್ನು ಕನ್ನಡದಲ್ಲಿಯೇ ಬರೆಯಬೇಕೆಂದು ನಾವು ಹೇಳುವೆವು. ಆದರೆ ಅದರಲ್ಲಿ ಉರ್ದು ಪುಸ್ತಕಕ್ಕೂ ಮರಾಠಿ ಪುಸ್ತಕಕ್ಕೂ ಕನ್ನಡದ ಪುಸ್ತಕದಷ್ಟೇ ಸಾಲು ಸಲ್ಲಬೇಕು. ಮರೆಮಾಚಿ ಬರೆದ ಲೆಕ್ಕದಿಂದ ಭಾಷೆಗೆ ಅಭಿಮಾನವೂ ಇಲ್ಲ, ಲಾಭವೂ ಇಲ್ಲ. ಮಗನು ಓದಬಹುದಾಗಿದ್ದ ಕನ್ನಡದ ಪುಸ್ತಕವು ಸಿಕ್ಕದೆ ಬೇರೆ ಭಾಷೆಯದನ್ನು ಓದಿದನಾದರೆ, ಆ ಕೊರತೆಯು ಸಾಲುಸಾಲಾಗಿ ಕಣ್ಣಿಗೆ ಕಂಡಾಗಲೇ ಅದನ್ನು ತುಂಬುವ ದಾರಿ ತೋರುವದು.

ಈಗ ಆಕ್ಷೇಪಗಳ ಮಾತು. ಸಮಯವಿಲ್ಲವೆಂಬುದಕ್ಕೆ ಉತ್ತರ ಹೇಳುವದಿಲ್ಲ. ಕೈಯಲ್ಲಿಯ ಯಂತ್ರದಲ್ಲಿಯೇ ಎಲ್ಲವನ್ನೂ ಬರೆದಿಡಬಹುದಲ್ಲ ಎಂದು ತರುಣರು ಕೇಳುವರು. ಬರೆಯಲಿ, ಬೇಡವೆನ್ನುವದಿಲ್ಲ. ಆದರೆ ಓದುಗರ ಪಟ್ಟಿಗಳಿಗಾಗಿಯೇ ಹುಟ್ಟಿದ 'ಗುಡ್‌ರೀಡ್ಸ್' ಎಂಬುದನ್ನು 2013ರಲ್ಲಿ ಅಮೆಜಾನ್ ವ್ಯಾಪಾರ ಸಂಸ್ಥೆಯು ಕೊಂಡುಕೊಂಡಿತೆಂಬುದನ್ನು ನೆನಪಿನಲ್ಲಿಡಲಿ. ನಮ್ಮ ಕಿರ್ದಿಯನ್ನು ಪುಸ್ತಕ ಮಾರುವವನ ಗಲ್ಲೆಯ ಮೇಲೆ ಬಿಟ್ಟು ಬಂದರೆ ಅದು ಅವನ ಉಪಯೋಗಕ್ಕೇ ಮೊದಲು ಬೀಳುವದು ಸಹಜ. ಕಾಗದದ ವಹಿಗೆ ಯಜಮಾನನು ಒಬ್ಬನೇ.

ಇದಕ್ಕಿಂತ ಗಂಭೀರವಾದ ಆಕ್ಷೇಪವು ಇನ್ನೊಂದಿದೆ. ಯಾರು ಏನನ್ನು ಓದುತ್ತಾರೆಂಬುದು ಬರಹದಲ್ಲಿ ಬಂದರೆ ಅದು ಎಂದಾದರೊಂದು ದಿನ ಅಧಿಕಾರದವರ ಕೈಗೆ ಸಿಕ್ಕಬಹುದೆಂಬುದು. ನಿಜಾಮರ ಕಾಲವನ್ನು ಕಂಡ ಮನೆತನಗಳಿಗೆ ಈ ಭಯವು ಕಲ್ಪನೆಯದಲ್ಲ. ಆದ್ದರಿಂದ ನಾವು ಸ್ಪಷ್ಟವಾಗಿ ಹೇಳುವದೇನೆಂದರೆ: ಓದಿನ ಕಿರ್ದಿಯು ಓದುವವನ ಸ್ವತ್ತು. ಅದನ್ನು ತೋರಿಸೆಂದು ಕೇಳುವ ಹಕ್ಕು ಕಚೇರಿಗೆ ಇಲ್ಲ, ಶಾಲೆಗೆ ಇಲ್ಲ, ಮನೆಯ ಯಜಮಾನನಿಗೂ ಇಲ್ಲ. ಇಂಥ ಮಾತು ಕಿವಿಗೆ ಬಿದ್ದೊಡನೆ ಸುತ್ತೋಲೆ ಹೊರಡಿಸಿ, ನಮೂನೆ ಅಚ್ಚು ಹಾಕಿಸಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಂಗಳಿಗೆ ನಾಲ್ಕು ಪುಸ್ತಕಗಳನ್ನು ಓದಿದ ಬಗ್ಗೆ ದೃಢೀಕರಣ ಸಲ್ಲಿಸತಕ್ಕದ್ದೆಂದು ಆಜ್ಞಾಪಿಸುವ ಉತ್ಸಾಹಿ ಅಧಿಕಾರಿಗಳು ನಮ್ಮಲ್ಲಿ ಇದ್ದಾರೆ. ಅವರಿಗೆ ಕೈಮುಗಿದು ಬೇಡುವೆವು: ಇದನ್ನು ಮಾಡಬೇಡಿರಿ. ಕಡ್ಡಾಯದ ಕಿರ್ದಿಯಲ್ಲಿ ಓದದ ಪುಸ್ತಕಗಳೇ ತುಂಬುವವು. ಅಧಿಕಾರಿಗಳು ಮಾಡಬೇಕಾದದ್ದು ತಮ್ಮ ಮನೆಯಲ್ಲಿ ತಮ್ಮ ಸ್ವಂತ ಕಿರ್ದಿಯನ್ನು ಇಡುವದು.

ಆದರೂ ಈ ಖಾಸಗಿ ಲೆಕ್ಕದಿಂದ ಸಾರ್ವಜನಿಕ ಕೆಲಸವೊಂದು ಆಗಬಹುದು. ಅಧಿಕಾರಿವರ್ಗವು ಇದನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ಪಟ್ಟಣದ ನಾಗರಿಕನು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕೊಡುತ್ತಾನೆ. ಕೊಟ್ಟ ಮೇಲೆ ಯಾವ ಪುಸ್ತಕವು ಬೇಕೆಂದು ಹೇಳುವ ಅಧಿಕಾರವು ಅವನಿಗಿದೆಯಷ್ಟೆ. ಆದರೆ ಹೇಳುವದು ಹೇಗೆ? ಪುಸ್ತಕಗಳ ಸಗಟು ಖರೀದಿಯು ಬೆಂಗಳೂರಿನಲ್ಲಿ ನಿರ್ಣಯವಾಗುತ್ತದೆ, ಕಟ್ಟುಗಳು ಬಂದು ಇಳಿಯುತ್ತವೆ, ಕಪಾಟು ತುಂಬುತ್ತದೆ. ಆಳಂದದ ವಾಚಕನಿಗೆ ಏನು ಬೇಕಾಗಿತ್ತೆಂದು ಕೇಳಿದವರಿಲ್ಲ. ಕೇಳಿದರೂ ತೋರಿಸಲು ಅವನ ಬಳಿ ಆಧಾರವಿಲ್ಲ. ಗ್ರಂಥಾಲಯದ ವಿತರಣಾ ಪುಸ್ತಕವು ಯಾವುದು ಹೊರಗೆ ಹೋಯಿತೆಂಬುದನ್ನು ಹೇಳೀತು. ಹೋದದ್ದನ್ನು ಓದಿದರೋ ಇಲ್ಲವೋ, ಕೇಳಿ ಸಿಕ್ಕದೆ ಹೋದದ್ದು ಯಾವುದು ಎಂಬುದನ್ನು ಹೇಳಲಾರದು. ನಮ್ಮ ವಾಚನಾಲಯಗಳಲ್ಲಿ ಇಂದು ಸ್ಪರ್ಧಾ ಪರೀಕ್ಷೆಗಳಿಗೆ ಓದುವ ತರುಣರೇ ಹೆಚ್ಚಾಗಿ ಕುಳಿತಿರುವರು. ಅವರ ಓದಿಗೆ ನಾವು ಅಡ್ಡಿ ಹೇಳುವದಿಲ್ಲ, ಅನ್ನದ ಪ್ರಶ್ನೆಯದು. ಆದರೆ ಕುರ್ಚಿಗಳು ತುಂಬಿವೆಯೆಂಬುದನ್ನೇ ನೋಡಿ ಕಪಾಟಿನ ಪುಸ್ತಕಗಳು ಓದಿಸಿಕೊಳ್ಳುತ್ತಿವೆಯೆಂದು ವರದಿ ಬರೆಯುವದು ಸರಿಯಲ್ಲ.

ಗ್ರಾಮಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಎಂಬ ಕಾರ್ಯಕ್ರಮವು ಆರಂಭವಾಯಿತು. ಒಳ್ಳೆಯ ಕೆಲಸವೇ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ಶೇಕಡಾ 75ರಷ್ಟಿದ್ದಾಗ ನಮ್ಮ ಜಿಲ್ಲೆಯದು ಶೇಕಡಾ 65ರಷ್ಟಿತ್ತೆಂಬುದನ್ನು ನೆನೆದರೆ ಇಲ್ಲಿ ಅಂಥ ಕೆಲಸವು ಎಷ್ಟು ನಡೆದರೂ ಸಾಲದು. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಯ ಸಂಶೋಧಕರು ದೂರದ ವಿಷಯಗಳನ್ನು ಹುಡುಕಿಕೊಂಡು ಹೋಗುವ ಮೊದಲು, ತಮ್ಮ ಬಾಗಿಲಿನ ಎದುರಿನ ಊರುಗಳ ಜನರು ಏನು ಓದುತ್ತ ಬಂದಿದ್ದಾರೆಂಬುದನ್ನು ವಿಚಾರಿಸಬಹುದು. ಕಿರ್ದಿಯಿಟ್ಟವರು ತಾವಾಗಿ ಒಪ್ಪಿ ತೋರಿಸಿದರೆ, ಹೆಸರು ಹೇಳದೆ ಅದರ ಸಾರವನ್ನು ತೆಗೆಯುವದು ಕಠಿಣವಲ್ಲ. 2020ರ ಅಕ್ಟೋಬರದಲ್ಲಿ ಭೀಮೆಯು ಉಕ್ಕಿ ಅಫಜಲಪುರ, ಜೇವರ್ಗಿಗಳ ತೀರದ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ನೀರು ಮನೆಯನ್ನು ಹೊಕ್ಕಾಗ ಕಾಳು, ಬಟ್ಟೆ, ದನಗಳ ಲೆಕ್ಕವನ್ನು ಬರೆದುಕೊಂಡು ಪರಿಹಾರ ಕೊಡುವರು. ತೊಯ್ದು ಹೋದ ಪುಸ್ತಕಗಳ ಹೆಸರನ್ನು ಕೇಳಿದರೆ ಹೇಳಬಲ್ಲ ಮನೆಗಳು ಎಷ್ಟು?

ಆದುದರಿಂದ ನಮ್ಮ ಸೂಚನೆಯು ಎರಡೇ. ದೀಪಾವಳಿಯ ಪಾಡ್ಯದಂದು ಪೇಟೆಯವರು ಹೊಸ ಕಿರ್ದಿಗೆ ಅರಿಶಿಣ ಕುಂಕುಮವಿಟ್ಟು ಆರಂಭಿಸುವ ಪದ್ಧತಿಯುಂಟು. ಅಂದು ಮನೆಯಲ್ಲಿ ಇನ್ನೊಂದು ವಹಿಯನ್ನೂ ಅದರ ಮಗ್ಗುಲಿಗೆ ಇಡತಕ್ಕದ್ದು. ನೆನಪಿದ್ದಷ್ಟು ಹಳೆಯ ಓದನ್ನು ಮೊದಲ ಪುಟಗಳಲ್ಲಿ 'ಹಿಂದಿನ ಬಾಕಿ' ಎಂದು ಬರೆದು, ಆ ದಿನದಿಂದ ಹೊಸ ಲೆಕ್ಕವನ್ನು ಹಿಡಿಯತಕ್ಕದ್ದು. ಎರಡನೆಯದು ಮೂರೂ ತಾಲೂಕು ಕೇಂದ್ರಗಳ ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ವಹಿಯನ್ನೂ ದಾರ ಕಟ್ಟಿದ ಒಂದು ಪೆನ್ಸಿಲನ್ನೂ ಇಡಬೇಕು. ಬಂದವರು ತಮ್ಮ ಹೆಸರನ್ನು ಬರೆಯುವ ಕಾರಣವಿಲ್ಲ. ಕೇಳಿದ, ಆದರೆ ಸಿಕ್ಕದ ಪುಸ್ತಕದ ಹೆಸರನ್ನು ಬರೆದರೆ ಸಾಕು. ವರ್ಷಕ್ಕೊಮ್ಮೆ, ಖರೀದಿಯ ಪಟ್ಟಿಯು ಸಿದ್ಧವಾಗುವ ಮೊದಲು, ಆ ವಹಿಯ ನಕಲು ಬೆಂಗಳೂರಿಗೆ ಹೋಗಬೇಕು. ಒಂದು ಪ್ರತಿಯು ಗ್ರಂಥಾಲಯದ ಗೋಡೆಯ ಮೇಲೆಯೂ ಇರಬೇಕು. ಇದಕ್ಕೆ ಹೊಸ ಅನುದಾನವಾಗಲಿ ಸರಕಾರದ ಮಂಜೂರಾತಿಯಾಗಲಿ ಬೇಕಾಗಿಲ್ಲ. ಪೆನ್ಸಿಲು ಕಳೆದರೆ ಇನ್ನೊಂದನ್ನು ಕಟ್ಟಬೇಕಾದೀತು.